ಹಳೆಯ ಚರಂಡಿಯೊಳಗೆ ಹೊಸ ಚರಂಡಿ

೧೮೫೮ನೆಯ ಇಸವಿಯ ಬೇಸಗೆಯಲ್ಲಿ ಥೇಮ್ಸ್ ನದಿಯ ದುರ್ಗಂಧವನ್ನು ತಾಳಲಾರದೆ ಪಾರ್ಲಿಮೆಂಟಿನ ಕಿಟಕಿಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ತೂಗಹಾಕಿದರಂತೆ. ಅದರ ಫಲವಾಗಿ ಲಂಡನ್ನಿನ ಮಹಾ ಒಳಚರಂಡಿಗಳು ನಿರ್ಮಾಣವಾದುವು. ಕಟ್ಟಿಸಿದ ಬ್ಯಾಜಲ್‌ಗೆಟ್ಟನ ಕೀರ್ತಿಯನ್ನು ನಾವೆಲ್ಲರೂ ಬಲ್ಲೆವು. ಆದರೆ ಚರಂಡಿಗೆ ಮುಪ್ಪಡಸಿದಾಗ ಏನು ಮಾಡಿದರೆಂದು ಕೇಳುವವರು ವಿರಳ. (ವಿಷಯವು ಅಷ್ಟೇನೂ ರಮ್ಯವಲ್ಲವೆಂಬುದು ದಿಟ.)

ಇಟ್ಟಿಗೆಗಳ ನಡುವಣ ಗಾರೆ ಸವೆಯುವುದು. ಬಿರುಕುಗಳಲ್ಲಿ ಮರದ ಬೇರು ಇಳಿಯುವುದು. ಸುತ್ತಣ ಮಣ್ಣು ಒಳಕ್ಕೆ ಜಾರಿ ಮೇಲಿನ ಬೀದಿಯೇ ಕುಸಿಯುವುದು. ಜನವಸತಿಯ ಬೀದಿಯನ್ನು ಉದ್ದಕ್ಕೂ ಅಗೆದರೆ ಮನೆಮನೆಗೂ ಸಂಕಟ. ೧೯೭೧ರಲ್ಲಿ ಅದೇ ನಗರದ ಹ್ಯಾಕ್ನಿ ಪ್ರದೇಶದಲ್ಲಿ ಎರಿಕ್ ವುಡ್ ಎಂಬಾತನು, ರಾಳದಲ್ಲಿ ತೋಯಿಸಿದ ಕಂಬಳಿಯಂತಹ ಬಟ್ಟೆಯ ನೀಳವಾದ ಚೀಲವನ್ನು ಸುಮಾರು ೭೦ ಮೀಟರು ಉದ್ದದ ಹಳೆಯ ಇಟ್ಟಿಗೆಯ ಚರಂಡಿಯೊಳಗೆ ಸೇರಿಸಿ, ಅದು ಗೋಡೆಗೆ ಒತ್ತಿಕೊಂಡು ಅಲ್ಲಿಯೇ ಗಟ್ಟಿಯಾಗುವಂತೆ ಮಾಡಿದನು. ಶಿಥಿಲವಾದ ಚರಂಡಿಯೇ ಹೊಸದಕ್ಕೆ ಅಚ್ಚಾಯಿತು! ಬ್ಯಾಜಲ್‌ಗೆಟ್ಟನ ಪಕ್ಕದಲ್ಲಿ ಈತನ ಹೆಸರನ್ನೂ ನಾವು ನೆನೆಯುವುದು ನ್ಯಾಯವೆಂದು ತೋರುತ್ತದೆ.

ಈ ಉಪಾಯಕ್ಕೆ ಮಿತಿಯೂ ಉಂಟು. ಪೂರ್ಣವಾಗಿ ಕುಸಿದ ಕೊಳವೆಗೆ ಇದು ಒದಗದು. ಮೇಲಾಗಿ, ಮನೆಗಳಿಂದ ಬಂದು ಕೂಡುವ ಕವಲುಗಳ ಬಾಯನ್ನೂ ಹೊಸ ಪದರವು ಮುಚ್ಚಿಬಿಡುವುದು. ಅವನ್ನು ಒಳಗಿನಿಂದಲೇ ಒಂದೊಂದಾಗಿ ಕೊರೆದು ತೆರೆಯಬೇಕು. ಒಂದನ್ನು ಮರೆತರೂ ಆ ಮನೆಯ ಕೊಳೆನೀರು ಹಿಮ್ಮೆಟ್ಟಿ ಬಚ್ಚಲಿಗೇ ಮರಳುವುದು.