ತೀವಿ ದ್ವೀಪಗಳು: ಸಮಾಧಿಗಂಬಗಳ ಕಲೆ

ಆಸ್ಟ್ರೇಲಿಯಾದ ಡಾರ್ವಿನ್ ನಗರದ ಉತ್ತರಕ್ಕೆ ಸುಮಾರು 80 ಕಿ.ಮೀ. ದೂರದಲ್ಲಿರುವ ಮೆಲ್ವಿಲ್ ಹಾಗೂ ಬ್ಯಾಥರ್ಸ್ಟ್ ದ್ವೀಪಗಳು ತೀವಿ ಆದಿವಾಸಿಗಳ ನೆಲೆ. ಮೃತರಿಗಾಗಿ ನಡೆಸುವ ‘ಪುಕುಮಾನಿ’ ಉತ್ತರಕ್ರಿಯೆಯಲ್ಲಿ ಗಟ್ಟಿಮರದ ‘ತುತಿನಿ’ ಕಂಬಗಳನ್ನು ಕೆತ್ತಿ, ಕೆಂಪು, ಹಳದಿ, ಬಿಳಿ ಮಣ್ಣಿನ ಬಣ್ಣ ಬಳಿದು ಸಮಾಧಿಯ ಸುತ್ತ ನೆಡುತ್ತಾರೆ. ಬಳಿಕ ಅವುಗಳನ್ನು ದುರಸ್ತಿ ಮಾಡದೆ, ಮಳೆ-ಗಾಳಿಗೆ ಶಿಥಿಲಗೊಳ್ಳಲು ಬಿಡುವುದೇ ಸಂಪ್ರದಾಯ.

1958ರಲ್ಲಿ ಸಿಡ್ನಿಯ ಕಲಾ ಸಂಗ್ರಹಾಲಯಕ್ಕಾಗಿ ಮೆಲ್ವಿಲ್ ದ್ವೀಪದ ಕಲಾವಿದರು ಇಂತಹ 17 ಕಂಬಗಳನ್ನು ರಚಿಸಿಕೊಟ್ಟರು. ಜನಾಂಗೀಯ ವಸ್ತುವೆಂದಷ್ಟೇ ಪರಿಗಣಿಸಲಾಗುತ್ತಿದ್ದ ಈ ಕೆತ್ತನೆಗೆ ಕಲಾಕೃತಿಯ ಮಾನ್ಯತೆ ದೊರೆಯಲು ಅದು ನೆರವಾಯಿತು.

ಭೂಮಿಯ ಒಡೆತನ ತೀವಿ ಜನರದ್ದಾಗಿರುವುದರಿಂದ ಪ್ರವಾಸಿಗರು ಸಾಮಾನ್ಯವಾಗಿ ಮುಂಚಿತವಾಗಿ ಅನುಮತಿ ಪಡೆಯಬೇಕು. ಸಮಾಧಿಯ ಕಂಬಗಳು ಮಾರಾಟದ ಸರಕಲ್ಲ. ವುರ್ರುಮಿಯಂಗಾ, ಮಿಲಿಕಾಪಿಟಿ, ಪಿರ್ಲಾಂಗಿಂಪಿ ಊರುಗಳ ಕಲಾಕೇಂದ್ರಗಳಲ್ಲಿ ಮಾರಾಟಕ್ಕೆಂದೇ ರಚಿಸಿದ ಕೆತ್ತನೆ, ಚಿತ್ರ ಹಾಗೂ ಬಟ್ಟೆಗಳು ದೊರೆಯುತ್ತವೆ.