ದುಡಿಯುವ ಕೈಗೆ ಸಂತರ ಆಸರೆ

ಮಕರ ಸಂಕ್ರಮಣದ ದಿನಗಳಲ್ಲಿ ಸೊಲ್ಲಾಪುರದ ಬೀದಿಗಳನ್ನು ಕಂಡವರು ಆ ನೋಟವನ್ನು ಸುಲಭವಾಗಿ ಮರೆಯಲಾರರು. ಬಿಳಿಯ ಬಾರಾಬಂದಿ ತೊಟ್ಟ ಜನರ ನಡುವೆ ಏಳು ನಂದಿಕೋಲುಗಳು ಮುಗಿಲೆತ್ತರಕ್ಕೆ ನಿಂತು ಸಾಗುತ್ತವೆ. ಅವನ್ನು ಹೊರುವುದಕ್ಕೆ ಗಟ್ಟಿಯಾದ ಸೊಂಟವೂ ಪಳಗಿದ ತೋಳೂ ಬೇಕು. ಸಿದ್ಧರಾಮನು ಊರ ಸುತ್ತ ಸ್ಥಾಪಿಸಿದನೆಂಬ ಅರವತ್ತೆಂಟು ಲಿಂಗಗಳ ದರ್ಶನಕ್ಕೆ ಆ ಮೆರವಣಿಗೆ ಹೊರಡುತ್ತದೆ. ಅದರ ಹಿಂದೆ ನಡೆಯುವವರಲ್ಲಿ ವರ್ಷವೆಲ್ಲ ರಟ್ಟೆಯ ಬಲದಿಂದ ಅನ್ನ ಗಳಿಸುವವರೇ ಬಹಳ. ಅವರು ಸಂತನಲ್ಲಿ ಏನನ್ನು ಬೇಡುತ್ತಾರೆ? ದುಡಿಮೆಯಿಂದ ಬಿಡುಗಡೆಯನ್ನೋ, ದುಡಿಯುವ ಶಕ್ತಿಯನ್ನೋ? ಈ ಪ್ರಶ್ನೆಗೆ ಇತಿಹಾಸವು ಕೊಡುವ ಉತ್ತರವನ್ನು ನಾವು ಇಲ್ಲಿ ಸ್ವಲ್ಪ ಪರಿಶೀಲಿಸೋಣ.

ಸಿದ್ಧರಾಮನು ಹನ್ನೆರಡನೆಯ ಶತಮಾನದವನು. ತಂದೆ ಮುದ್ದಗೌಡ, ತಾಯಿ ಸುಗ್ಗಲದೇವಿ. ಆಗ ಸೊನ್ನಲಿಗೆಯೆಂಬ ಹೆಸರಿದ್ದ ಈ ಊರಿನಲ್ಲಿ ಹುಟ್ಟಿ, ದನ ಕಾಯುತ್ತ ಬೆಳೆದನು. ಶ್ರೀಶೈಲದ ಮಲ್ಲಿಕಾರ್ಜುನನ ದರ್ಶನ ಪಡೆದು ಹಿಂದಿರುಗಿದ ಮೇಲೆ ಆತನು ಕೈಕೊಂಡುದು ಮಣ್ಣಿನ ಕೆಲಸವನ್ನು. ಮಳೆ ಕಡಿಮೆಯಾದ ನಾಡಿಗೆ ಕೆರೆಗಿಂತ ದೊಡ್ಡ ದಾನವಾವುದು? ಗುದ್ದಲಿ ಬುಟ್ಟಿ ಹಿಡಿದ ಜನರನ್ನು ಕೂಡಿಸಿ ಆತನು ಕಟ್ಟಿಸಿದ ಕೆರೆಯ ನಡುವೆ ಇಂದಿಗೂ ಸಿದ್ಧೇಶ್ವರನ ಗುಡಿಯಿದೆ. ರಾಘವಾಂಕ ಕವಿಯು ಹದಿಮೂರನೆಯ ಶತಮಾನದಲ್ಲಿ ಬರೆದ ಸಿದ್ಧರಾಮ ಚಾರಿತ್ರವು ಈ ಕರ್ಮಯೋಗಿಯ ಕಥೆಯನ್ನೇ ಹೇಳುತ್ತದೆ. ಕಲ್ಲು ಮಣ್ಣಿನ ಕೆಲಸದಿಂದ ಬಾಳುವ ಭೋವಿ ಜನರು ಆತನನ್ನು ತಮ್ಮ ಗುರುವೆಂದು ನಂಬಿರುವುದು ಆಶ್ಚರ್ಯವಲ್ಲ. ತಮ್ಮ ಬುಟ್ಟಿಯ ಭಾರವನ್ನು ಬಲ್ಲವನನ್ನೇ ಅವರು ನೆನೆಯುತ್ತಾರೆ.

ಆ ಕಾಲಕ್ಕೆ ತುಸು ಮೊದಲು, ಕನ್ನಡ ನಾಡಿನ ಹೆಸರನ್ನೇ ಕೇಳಿರದ ಸ್ಪೇನ್ ದೇಶದ ಮ್ಯಾಡ್ರಿಡ್ ಊರಿನ ಬಳಿ ಇಸಿದೋರನೆಂಬ ಕೂಲಿಯಾಳು ಒಡೆಯನ ಹೊಲವನ್ನು ಉಳುತ್ತಿದ್ದನು. ಅವನು ನಿತ್ಯವೂ ಬೆಳಿಗ್ಗೆ ದೇವಾಲಯದಲ್ಲಿ ಪೂಜೆ ಮುಗಿಸಿಯೇ ನೇಗಿಲು ಹಿಡಿಯುವನು. ತಡವಾಗಿ ಬರುತ್ತಾನೆಂದು ಜೊತೆಯ ಆಳುಗಳು ಒಡೆಯನಲ್ಲಿ ದೂರಿದರಂತೆ. ಒಡೆಯನು ಪರೀಕ್ಷಿಸಲು ಬಂದಾಗ, ಇಸಿದೋರನ ನೇಗಿಲಿನ ಪಕ್ಕದಲ್ಲಿ ದೇವದೂತರು ಬಿಳಿಯ ಎತ್ತುಗಳನ್ನು ಹೂಡಿ ಉಳುತ್ತಿದ್ದುದು ಕಂಡಿತಂತೆ. ಇದು ಐತಿಹ್ಯ. ಆದರೆ 1622ರಲ್ಲಿ ಅವನನ್ನು ಸಂತನೆಂದು ಘೋಷಿಸಿದುದು ಇತಿಹಾಸ. ಗೋವೆಗೆ ಬಂದಿದ್ದ ಫ್ರಾನ್ಸಿಸ್ ಝೇವಿಯರ್‌ನಿಗೂ ಅದೇ ದಿನ ಆ ಪದವಿ ದೊರೆಯಿತು. ವಿದ್ವಾಂಸರ ಸಾಲಿನಲ್ಲಿ ಒಬ್ಬ ಉಳುವ ಆಳನ್ನೂ ಕೂರಿಸಲಾಯಿತು ಎಂಬುದು ನೆನಪಿಡತಕ್ಕ ಸಂಗತಿ.

ಕಥೋಲಿಕ ಕ್ರೈಸ್ತರು ಸಂತರನ್ನು ದೇವರೆಂದು ಆರಾಧಿಸುವುದಿಲ್ಲ. ಸಂತರು ತಮಗಾಗಿ ದೇವರಲ್ಲಿ ಬಿನ್ನಹ ಮಾಡಲೆಂದು ಕೇಳಿಕೊಳ್ಳುತ್ತಾರೆ. 1563ರಲ್ಲಿ ಟ್ರೆಂಟ್ ನಗರದ ಧರ್ಮಸಭೆಯು ಹೀಗೆ ಕೇಳಿಕೊಳ್ಳುವುದು ಒಳ್ಳೆಯದೆಂದೂ ಉಪಯುಕ್ತವೆಂದೂ ಸಾರಿತು. ಪ್ರತಿಯೊಬ್ಬನಿಗೂ ಒಬ್ಬ ಕಾವಲುದೂತನಿರುವನೆಂಬ ನಂಬಿಕೆಯೂ ಅವರಲ್ಲಿದೆ. ತಂದೆಯ ಬಾಕಿ ಹಣವನ್ನು ತರಲು ದೂರದೇಶಕ್ಕೆ ಹೊರಟ ತೋಬಿಯಾಸನೆಂಬ ತರುಣನ ಜೊತೆ ರಫಾಯೆಲನೆಂಬ ದೇವದೂತನು ದಾರಿಗನ ವೇಷದಲ್ಲಿ ನಡೆದನೆಂದು ಅವರ ಧರ್ಮಗ್ರಂಥವು ಹೇಳುತ್ತದೆ. ಒಂದೊಂದು ಕಸುಬಿಗೂ ಒಬ್ಬ ಸಂತನುಂಟು: ಬಡಗಿಗೆ ಜೋಸೆಫ್, ಚಮ್ಮಾರನಿಗೆ ಕ್ರಿಸ್ಪಿನ್, ಲೋಹದ ಕೆಲಸದವನಿಗೆ ಎಲಿಜಿಯಸ್, ಅಡಿಗೆಯವನಿಗೆ ಲಾರೆನ್ಸ್. ಮಧ್ಯಯುಗದ ಯುರೋಪಿನ ಕಸುಬುದಾರರ ಸಂಘಗಳು ತಮ್ಮ ಸಂತನ ಮುಂದೆ ಮೇಣದ ಬತ್ತಿ ಹಚ್ಚುತ್ತಿದ್ದವು. ಅದೇ ಸಂಘದ ಹಣದಿಂದ ಕಾಯಿಲೆ ಬಿದ್ದ ಸಂಗಾತಿಗೂ ವಿಧವೆಯರಿಗೂ ನೆರವು ಸಲ್ಲುತ್ತಿತ್ತು. ಸಂತನ ಹೆಸರು ಜನರನ್ನು ಒಂದುಗೂಡಿಸುವ ನೂಲಾಗಿತ್ತು.

ಕನ್ನಡ ನಾಡಿನಲ್ಲಿಯೂ ಈ ನಂಬಿಕೆ ಹೊಲದ ಮಣ್ಣಿನಲ್ಲಿಯೇ ಬೇರೂರಿದೆ. ಮೈಸೂರು ಜಿಲ್ಲೆಯ ದೋರನಹಳ್ಳಿಯಲ್ಲಿ ರೈತನೊಬ್ಬನು ಉಳುತ್ತಿರುವಾಗ ಸಂತ ಅಂತೋಣಿಯ ಮರದ ಪ್ರತಿಮೆ ನೇಗಿಲಿಗೆ ಸಿಕ್ಕಿತೆಂದು ಹೇಳುತ್ತಾರೆ. ಜೂನ್ 13ರ ಹಬ್ಬಕ್ಕೆ ಜಾತಿ ಮತಗಳ ಭೇದವಿಲ್ಲದೆ ಜನ ಅಲ್ಲಿ ನೆರೆಯುತ್ತಾರೆ. ಕರಾವಳಿಯ ಕಥೋಲಿಕರು ಸೆಪ್ಟೆಂಬರ್ 8ರಂದು, ಮರಿಯಮ್ಮನವರ ಜನ್ಮದಿನದಲ್ಲಿ, ಹೊಸ ಭತ್ತದ ತೆನೆಯನ್ನು ದೇವಾಲಯಕ್ಕೆ ಒಯ್ದು ಆಶೀರ್ವಾದ ಮಾಡಿಸಿ, ಮನೆಮಂದಿಯೆಲ್ಲ ಕೂಡಿ ಹೊಸ ಅಕ್ಕಿಯನ್ನು ಉಣ್ಣುತ್ತಾರೆ. ನಮ್ಮ ಒಕ್ಕಲಿಗರು ಸುಗ್ಗಿಯಲ್ಲಿ ರಾಶಿಯನ್ನು ಪೂಜಿಸುವುದಕ್ಕೂ ಇದಕ್ಕೂ ಭಾವದಲ್ಲಿ ಎಷ್ಟು ದೂರ?

ಆದರೆ ಇಲ್ಲೊಂದು ಆಕ್ಷೇಪವುಂಟು. ಸಂತರ ನೆರವನ್ನು ಬೇಡುವವನು ತನ್ನ ಪ್ರಯತ್ನವನ್ನು ಬಿಡುವುದಿಲ್ಲವೇ? ನಮ್ಮ ಶರಣರು ಈ ಆಕ್ಷೇಪವನ್ನು ಅಂದೇ ಎದುರಿಸಿದ್ದಾರೆ. ನುಲಿಯ ಚಂದಯ್ಯನು ಹುಲ್ಲು ಕೊಯ್ದು ಹಗ್ಗ ಹೊಸೆದು ಬಾಳಿದವನು. ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗವು ನೀರಿಗೆ ಬಿದ್ದರೂ ಅವನು ಕಾಯಕವನ್ನು ನಿಲ್ಲಿಸಲಿಲ್ಲವೆಂದೂ, ಲಿಂಗವೇ ಅವನ ಬೆನ್ನು ಹತ್ತಿತೆಂದೂ ಕಥೆಯಿದೆ. ಇಸಿದೋರನು ಪೂಜೆಗಾಗಿ ಕೆಲಸಕ್ಕೆ ತಡಮಾಡಿದನೆಂಬ ದೂರು. ಚಂದಯ್ಯನು ಕೆಲಸಕ್ಕಾಗಿ ಲಿಂಗವನ್ನು ಮರೆತನೆಂಬ ದೂರು. ಎರಡು ಕಥೆಗಳೂ ತಲುಪುವ ಊರು ಒಂದೇ: ಪ್ರಾಮಾಣಿಕವಾದ ದುಡಿಮೆಯನ್ನು ದೇವರು ಕೈಬಿಡುವುದಿಲ್ಲ. ಇನ್ನು ಅಲ್ಲಮಪ್ರಭುವು ಸೊನ್ನಲಿಗೆಗೆ ಬಂದು ಸಿದ್ಧರಾಮನನ್ನು ‘ಒಡ್ಡ’ನೆಂದು ಕೆಣಕಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಪ್ರಸಿದ್ಧವಾಗಿದೆ. ಕೆರೆ ಕಟ್ಟಿಸಿದೆನೆಂಬ ಅಹಂಕಾರವನ್ನು ಕಳೆಯುವುದೇ ಆ ಕಟುನುಡಿಯ ಉದ್ದೇಶವಾಗಿತ್ತು. ಆದರೂ ಕೆರೆ ಉಳಿಯಿತು, ಅದರ ನೀರು ಉಳಿಯಿತು. ಒಡ್ಡನೆಂಬ ಮಾತೂ ಇಂದು ನಮಗೆ ನಿಂದೆಯಾಗಿ ತೋರದೆ ಬಿರುದಾಗಿ ತೋರುತ್ತದೆ.

ಅಕ್ಕಲಕೋಟೆಯ ಕಡೆಗೆ ನೋಡೋಣ. 1857ರ ಸುಮಾರಿಗೆ ಆ ಸಂಸ್ಥಾನದ ಊರಿಗೆ ಬಂದು, 1878ರಲ್ಲಿ ಅಲ್ಲಿಯೇ ದೇಹವಿಟ್ಟ ಸ್ವಾಮಿ ಸಮರ್ಥರ ಹೆಸರು ಈ ಭಾಗದ ದುಡಿಯುವವರ ನಾಲಗೆಯ ಮೇಲಿದೆ. ಅಂಜಬೇಡ, ನಿನ್ನ ಬೆನ್ನ ಹಿಂದೆ ನಾನಿದ್ದೇನೆ ಎಂಬ ಅರ್ಥದ ಅವರ ಮರಾಠಿ ಮಾತನ್ನು ಲಾರಿಗಳ ಮೇಲೂ ರಿಕ್ಷಾಗಳ ಮೇಲೂ ಬರೆಯಿಸಿರುವುದನ್ನು ನಾವೆಲ್ಲರೂ ಓದಿದ್ದೇವೆ. ಆ ಮಾತನ್ನು ಸ್ವಲ್ಪ ವಿಚಾರಿಸಿ ನೋಡಬೇಕು. ನಿನ್ನ ಗಾಡಿಯನ್ನು ನಾನು ನಡೆಸುವೆನೆಂದು ಅದು ಹೇಳುವುದಿಲ್ಲ. ಬೆನ್ನ ಹಿಂದೆ ಇದ್ದೇನೆ ಎನ್ನುತ್ತದೆ. ಮುಂದೆ ಕುಳಿತು ಚಕ್ರ ಹಿಡಿಯಬೇಕಾದವನು ದುಡಿಯುವವನೇ.

ಸೊಲ್ಲಾಪುರಕ್ಕೆ 1860ರಲ್ಲಿ ರೈಲು ಬಂದಿತು. 1877ರಲ್ಲಿ ದೊಡ್ಡ ನೂಲಿನ ಗಿರಣಿ ಆರಂಭವಾಯಿತು. ತೆಲಂಗಾಣದಿಂದ ಬಂದ ಪದ್ಮಶಾಲಿ ನೇಕಾರರು ತಮ್ಮೊಡನೆ ಮಾರ್ಕಂಡೇಯನನ್ನು ಕರೆತಂದರು. ನೂಲು ಹುಣ್ಣಿಮೆಯ ದಿನ ಆತನ ರಥ ಇಂದಿಗೂ ಊರಿನಲ್ಲಿ ಸಾಗುತ್ತದೆ. ಆದರೆ 1949ರ ಆಗಸ್ಟಿನಲ್ಲಿ ಆ ದೊಡ್ಡ ಗಿರಣಿಯ ಬಾಗಿಲು ಮುಚ್ಚಿದಾಗ ಸಾವಿರಾರು ಮನೆಗಳ ಒಲೆಗೆ ಆತಂಕ ಬಂದಿತು. ಆಗ ಎಷ್ಟು ಮನೆಗಳಲ್ಲಿ ಸಿದ್ಧೇಶ್ವರನಿಗೂ ಮಾರ್ಕಂಡೇಯನಿಗೂ ದೀಪ ಹಚ್ಚಿದರೋ ಯಾವ ಕಡತದಲ್ಲಿಯೂ ಬರೆದಿರಲಾರದು. ಕಡತದಲ್ಲಿರುವುದು ಇಷ್ಟು: 1950ರ ಜನವರಿಯಲ್ಲಿ ಭಾರತ ಸರ್ಕಾರವು ಸುಗ್ರೀವಾಜ್ಞೆ ಹೊರಡಿಸಿ, ಬಳಿಕ ಕಾಯಿದೆ ಮಾಡಿ, ಗಿರಣಿಯ ಆಡಳಿತವನ್ನು ವಹಿಸಿಕೊಂಡಿತು, ಆ ವಿಷಯವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಇಂದು ಆ ಗಿರಣಿಯಿಲ್ಲ. ಹಚ್ಚಿದ ದೀಪವು ಕಾಯಿದೆಯ ಕೆಲಸವನ್ನು ಮಾಡಲಾರದು. ಕೆಲಸವಿಲ್ಲದ ರಾತ್ರಿಯಲ್ಲಿ ಮನೆಯವರ ಧೈರ್ಯವನ್ನು ಹಿಡಿದು ನಿಲ್ಲಿಸುವ ಶಕ್ತಿ ಕಾಯಿದೆಗೂ ಇಲ್ಲ. ಎರಡೂ ಬೇಕು.

ಕಥೋಲಿಕ ಧರ್ಮಸಭೆಯೂ ಈ ನಿಲುವಿಗೇ ಬಂದಿತು. 1891ರಲ್ಲಿ ಪೋಪ್ ಹದಿಮೂರನೆಯ ಲಿಯೋ ಅವರು ತಮ್ಮ ವಿಶ್ವಪತ್ರದಲ್ಲಿ, ಕೂಲಿಗಾರನಿಗೆ ಕುಟುಂಬ ನಡೆಯುವಷ್ಟು ನ್ಯಾಯವಾದ ಕೂಲಿ ಸಲ್ಲಬೇಕೆಂದೂ, ಸಂಘ ಕಟ್ಟಿಕೊಳ್ಳುವ ಹಕ್ಕು ಅವನಿಗಿದೆಯೆಂದೂ ಸಾರಿದರು. 1955ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರು, ಜಗತ್ತು ಕಾರ್ಮಿಕರ ದಿನವೆಂದು ಆಚರಿಸುವ ಮೇ 1ನ್ನೇ ಕಾರ್ಮಿಕನಾದ ಸಂತ ಜೋಸೆಫನ ಹಬ್ಬವನ್ನಾಗಿ ನೇಮಿಸಿದರು. ಉಳಿ ಬಾಚಿ ಹಿಡಿದು ಬದುಕಿದ ಬಡಗಿಯ ನೆರವನ್ನು ಬೇಡುವವನು ತನ್ನ ಉಳಿ ಬಾಚಿಯೂ ಗೌರವಕ್ಕೆ ಯೋಗ್ಯವೆಂದು ಅರಿಯಲಿ ಎಂಬುದೇ ಇದರ ತಾತ್ಪರ್ಯ.

ನಮ್ಮ ಶಾಲೆಗಳ ಮಕ್ಕಳಲ್ಲಿ ಮಗ್ಗದವರ ಮಕ್ಕಳಿದ್ದಾರೆ, ಬೀಡಿ ಕಟ್ಟುವ ತಾಯಂದಿರ ಮಕ್ಕಳಿದ್ದಾರೆ, ಹೊಲದಲ್ಲಿ ದುಡಿಯುವವರ ಮಕ್ಕಳಿದ್ದಾರೆ. ಪರೀಕ್ಷೆಯ ದಿನ ಹಣೆಗೆ ವಿಭೂತಿ ಇಟ್ಟುಕೊಂಡು ಬರುವ ಮಗುವನ್ನು ನೋಡಿ ನಾವು ನಗಬಾರದು. ಲೇಖನಿಯನ್ನು ಹಿಡಿಯಬೇಕಾದದ್ದು ನಿನ್ನ ಕೈ, ಆ ಕೈಗೆ ನಡುಕ ಬಾರದಿರಲೆಂದು ಸಂತನನ್ನು ಕೇಳು ಎಂದು ಹೇಳಿದರೆ ಸಾಕು. ದೇವದೂತರು ಪಕ್ಕದಲ್ಲಿ ಉತ್ತರೆಂಬ ಐತಿಹ್ಯದಲ್ಲಿಯೂ ಇಸಿದೋರನು ನೇಗಿಲನ್ನು ಕೆಳಗಿಡಲಿಲ್ಲ. ಮಲ್ಲಯ್ಯನನ್ನು ಕಣ್ಣಾರೆ ಕಂಡ ಸಿದ್ಧರಾಮನೂ ಗುದ್ದಲಿಯನ್ನು ಬಿಡಲಿಲ್ಲ. ಮಕ್ಕಳು ಈ ಇಬ್ಬರ ಕಥೆಗಳನ್ನೂ ಒಂದೇ ಪಾಠದಲ್ಲಿ ಕೇಳುವಂತಾದರೆ, ತಮ್ಮ ತಂದೆತಾಯಿಗಳ ಒರಟಾದ ಅಂಗೈಯನ್ನು ನೋಡಿ ನಾಚುವ ಕಾರಣ ಅವರಿಗೆ ಇರಲಾರದು.