ಭಂಗಿಯ ಪೊಟ್ಟಣ: ಮುದ್ರೆ ಯಾರಿಗಾಗಿ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಇಂದು ಬೆಳಗಾವಿ ಜಿಲ್ಲೆಯ ತಾಲ್ಲೂಕುಗಳು. ನೂರು ವರ್ಷಗಳ ಹಿಂದೆ ಇವು ಒಂದೇ ಕಾನೂನಿನ ಅಡಿಯಲ್ಲಿರಲಿಲ್ಲ. ಬೈಲಹೊಂಗಲ ಮತ್ತು ಕಿತ್ತೂರು ಸಂಪಗಾಂವ ತಾಲ್ಲೂಕಿಗೆ, ಸವದತ್ತಿ ಪರಸಗಡ ತಾಲ್ಲೂಕಿಗೆ ಸೇರಿ ಮುಂಬಯಿ ಇಲಾಖೆಯ ಆಡಳಿತದಲ್ಲಿದ್ದವು. ರಾಮದುರ್ಗ ಮಾತ್ರ 1948ರವರೆಗೆ ಪ್ರತ್ಯೇಕ ಸಂಸ್ಥಾನ.

1878ರ ಮುಂಬಯಿ ಅಬಕಾರಿ ಕಾಯಿದೆ ಭಂಗಿ, ಗಾಂಜಾಗಳ ಮಾರಾಟವನ್ನು ಪರವಾನಗಿಗೆ ಒಳಪಡಿಸಿತು. ಸಂಸ್ಥಾನದ ಗಡಿಯೊಳಗೆ ಈ ಕಾಯಿದೆ ತಾನಾಗಿ ನಡೆಯುತ್ತಿರಲಿಲ್ಲ. ಸುಂಕ ತೆತ್ತ ಸೊಪ್ಪು ಯಾವುದು, ತೆರದ ಸೊಪ್ಪು ಯಾವುದು ಎಂದು ಎಲೆ ನೋಡಿ ಹೇಳಲಾಗದು. ಇಂಥ ಸರಕಿನ ಲೆಕ್ಕಕ್ಕೆ ಗುರುತು, ತೂಕ, ಮೊಹರು ಬೇಕಾಗುತ್ತವೆ.

1893ರಲ್ಲಿ ಸರ್ಕಾರ ಇಂಡಿಯನ್ ಹೆಂಪ್ ಡ್ರಗ್ಸ್ ಆಯೋಗವನ್ನು ನೇಮಿಸಿತು. 1,193 ಸಾಕ್ಷಿಗಳನ್ನು ವಿಚಾರಿಸಿದ ಆಯೋಗ, ಪೂರ್ಣ ನಿಷೇಧ ಬೇಡ, ಸುಂಕ ಮತ್ತು ಪರವಾನಗಿಯ ಹತೋಟಿ ಸಾಕು ಎಂದಿತು. ಅದರ ಮುಂದಿದ್ದ ಒಂದು ಮಾದರಿ ಬಂಗಾಳದ ನವಗಾಂವ್. ಅಲ್ಲಿ ಗಾಂಜಾವನ್ನು ಚಪ್ಪಟೆ, ದುಂಡು, ಚೂರು ಎಂದು ವಿಂಗಡಿಸಿ ಸರ್ಕಾರಿ ಉಸ್ತುವಾರಿಯ ಗೋದಾಮುಗಳಲ್ಲಿಡುತ್ತಿದ್ದರು. ಪ್ರತಿ ಬಗೆಗೂ ಸುಂಕ ಬೇರೆ. ಆ ಮೊಹರು ಕಾದದ್ದು ಬೊಕ್ಕಸವನ್ನು, ಸೇದುವವನ ಆರೋಗ್ಯವನ್ನಲ್ಲ.

ಬಳಸುವವನಿಗಾಗಿ ಬರೆದ ಅಕ್ಷರ ಬಂದದ್ದು ಬಹಳ ತಡವಾಗಿ. 1940ರ ಔಷಧ ಕಾಯಿದೆಯೊಳಗೆ ಆಯುರ್ವೇದ ಔಷಧಗಳು ಸೇರಿದ್ದು 1964ರ ತಿದ್ದುಪಡಿಯಿಂದ. ವಿಷದ್ರವ್ಯಗಳ ಇ-1 ಪಟ್ಟಿಯಲ್ಲಿ ಬೀಜವನ್ನು ಬಿಟ್ಟು ಭಂಗಿಗೂ ಜಾಗ ದೊರೆಯಿತು. ಘಟಕಗಳ ಹೆಸರು, ತಯಾರಕರ ವಿಳಾಸ, ಪರವಾನಗಿ ಸಂಖ್ಯೆ ನಮೂದಿಸಲು ಹೇಳಿದ 161ನೆಯ ನಿಯಮ, ಈ ಪಟ್ಟಿಯ ದ್ರವ್ಯವುಳ್ಳ, ಹೊಟ್ಟೆಗೆ ತೆಗೆದುಕೊಳ್ಳುವ ಔಷಧದ ಮೇಲೆ ‘ಎಚ್ಚರಿಕೆ: ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸತಕ್ಕದ್ದು’ ಎಂಬರ್ಥದ ಮಾತನ್ನು ಕಡ್ಡಾಯಗೊಳಿಸಿತು. ಯಾವ ಭಾಷೆಯಲ್ಲಿ? ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡ ಮಾತ್ರ ಬಲ್ಲವರಿಗೆ ಆ ಎಚ್ಚರಿಕೆ ಬರೀ ಗೆರೆಗಳ ಸಾಲು.

ಗಿಡದ ಎಲ್ಲ ಭಾಗವೂ ಒಂದೇ ಅಲ್ಲವೆಂಬುದನ್ನು ವಿಜ್ಞಾನ ಬಲ್ಲದು. ಅಮಲು ತರುವ ಟಿ.ಎಚ್.ಸಿ. ಹೆಚ್ಚಾಗಿರುವುದು ಹೆಣ್ಣುಗಿಡದ ಹೂವಿನ ತುದಿಯ ಅಂಟಿನಲ್ಲಿ. ಎಲೆಯಲ್ಲಿ ಅದು ಕಡಿಮೆ; ಬೀಜದೊಳಗೆ ಇಲ್ಲವೆಂದೇ ಹೇಳಬಹುದು. 1985ರ ಮಾದಕ ದ್ರವ್ಯ ಕಾಯಿದೆ ಹೂಕಾಯಿ ತುದಿಗಳನ್ನು ಗಾಂಜಾ ಎಂದು ಕರೆದು, ಅವುಗಳಿಂದ ಬೇರ್ಪಟ್ಟ ಎಲೆ, ಬೀಜಗಳನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿತು. 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಬೀಜ, ಬೀಜದ ಎಣ್ಣೆ, ಹಿಟ್ಟುಗಳನ್ನು ಆಹಾರವೆಂದು ಒಪ್ಪಿ, ಬೀಜದಲ್ಲಿ ಟಿ.ಎಚ್.ಸಿ. ಕಿಲೋಗೆ 5 ಮಿಲಿಗ್ರಾಂ ಮೀರಬಾರದೆಂದಿತು. 2022ರಲ್ಲಿ ಬೆಂಗಳೂರಿನ ಪ್ರಕರಣವೊಂದರಲ್ಲಿ ಜಾಮೀನು ನೀಡುತ್ತ ಕರ್ನಾಟಕ ಉಚ್ಚ ನ್ಯಾಯಾಲಯ, ವಶಪಡಿಸಿಕೊಂಡ ಭಂಗಿ ಗಾಂಜಾದಿಂದ ಆದದ್ದೆಂದು ತೋರಿಸುವ ಆಧಾರ ಸದ್ಯಕ್ಕಿಲ್ಲ ಎಂಬ ನಿಲುವು ತಳೆಯಿತು.

ಹೀಗೆ ಒಂದೇ ಗಿಡದ ಹೂವು ಅಪರಾಧ, ಬೀಜ ಆಹಾರ, ಎಲೆ ಔಷಧದ ಘಟಕ. ಈ ಅಂತರವನ್ನು ಕೊಳ್ಳುವವನಿಗೆ ತಿಳಿಸಬೇಕಾದದ್ದು ಪೊಟ್ಟಣದ ಮೇಲಿನ ಬರಹವೇ. ಸುಂಕದ ಮೊಹರನ್ನು ಓದಲು ಅಧಿಕಾರಿಯೊಬ್ಬನಿದ್ದರೆ ಸಾಕಿತ್ತು. ಎಚ್ಚರಿಕೆಯನ್ನು ಓದಬೇಕಾದವನು ಸೇವಿಸುವವನು. ಸವದತ್ತಿಯ ಜಾತ್ರೆಗೆ ಬಂದವರಿಗೂ ಬೈಲಹೊಂಗಲದ ಪೇಟೆಗೆ ಬಂದವರಿಗೂ ಅದು ಕನ್ನಡದಲ್ಲಿ ಕಾಣಬೇಕು. ಅಲ್ಲಿಯವರೆಗೆ ಓದಲಾಗದ ಪೊಟ್ಟಣವನ್ನು ವೈದ್ಯರಿಗೆ ತೋರಿಸದೆ ಬಾಯಿಗಿಡದಿರುವುದು ಒಳಿತು.